‘ಯಾರ ಪೈಕಿ?’ ಎಂದು ಕೇಳದೆ ಮಾತಿಗೆ ಕೂರುವುದನ್ನು ಕಲಿಸುವ ಬಗೆ

ನಮ್ಮ ಗಂಗಾವತಿ ಸೀಮೆಯಲ್ಲಿ ಹೊಸಬರು ಎದುರಾದರೆ ಮೊದಲ ಪ್ರಶ್ನೆ ‘ಯಾವೂರು?’, ಎರಡನೆಯದು ‘ಯಾರ ಪೈಕಿ?’. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಪಂಕ್ತಿಯಲ್ಲಿ ಯಾರೂ ಇದನ್ನು ತಪ್ಪೆಂದುಕೊಳ್ಳುವುದಿಲ್ಲ. ಆಪ್ತಸಮಾಲೋಚನೆಯ ಕೋಣೆಯಲ್ಲಿ ಮಾತ್ರ ಈ ಎರಡನೆಯ ಪ್ರಶ್ನೆ ಬಿದ್ದ ಕೂಡಲೇ ಎದುರಿಗೆ ಕೂತವರು ಅಳೆದು ತೂಗಿ ಮಾತಾಡತೊಡಗುತ್ತಾರೆ. ಹೊಸ ಆಪ್ತಸಮಾಲೋಚಕರಿಗೆ ತರಬೇತಿ ಕೊಡುವಾಗ ನಾನು ಮೊದಲು ಬಿಡಿಸುವುದು ಈ ರೂಢಿಯನ್ನು.

ಇಲ್ಲಿ ಬರುವವರು ಒಂದೇ ತೆರನಾದವರಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪುಗಳು ಗಂಗಾವತಿಯಿಂದ ಸಿಂಧನೂರಿನವರೆಗೂ ಇವೆ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ಮನೆಯಲ್ಲಿ ಬಂಗಾಳಿ ಆಡುತ್ತಾರೆ. ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಓಣಿಗಳಲ್ಲಿ ದಖನಿ ಉರ್ದು, ಬಳ್ಳಾರಿ ಕಡೆ ನಡೆದರೆ ತೆಲುಗು. ಕನ್ನಡದೊಳಗೂ ನಮ್ಮ ಕೊಪ್ಪಳದ ‘ಐತಿ’ ರಾಯಚೂರಿಗೆ ಹೋದರೆ ‘ಅದ’ ಆಗುತ್ತದೆ.

ಆರಂಭದಲ್ಲಿ ನಾನು ಒಂದು ಹಾಳೆ ಅಚ್ಚು ಮಾಡಿಸಿ ಹಂಚಿದ್ದೆ: ಲಂಬಾಣಿಗರು ಹೀಗೆ, ಮುಸ್ಲಿಮರು ಹೀಗೆ, ಕ್ಯಾಂಪಿನವರು ಹೀಗೆ. ‘ತಾಂಡಾದ ಹೆಣ್ಣುಮಕ್ಕಳು ಮನೆಯವರನ್ನು ಬಿಟ್ಟು ಮಾತಾಡುವುದಿಲ್ಲ’ ಎಂದು ಅದರಲ್ಲಿ ಬರೆದವಳು ನಾನೇ. ಅದನ್ನು ಓದಿಕೊಂಡಿದ್ದ ಶಿಷ್ಯೆಯೊಬ್ಬಳು, ನರ್ಸಿಂಗ್ ಓದುತ್ತಿದ್ದ ತಾಂಡಾದ ಹುಡುಗಿ ಬಂದಾಗ ಅತ್ತೆಯನ್ನೂ ಒಳಗೆ ಕೂರಿಸಿದಳು. ಹುಡುಗಿ ಹೇಳಬೇಕಾಗಿದ್ದದ್ದೇ ಆ ಅತ್ತೆಯ ವಿಷಯ. ಆಕೆ ಮತ್ತೆ ಬರಲಿಲ್ಲ. ಉಳಿದ ಹಾಳೆಗಳನ್ನೆಲ್ಲ ನಾನು ಸುಟ್ಟೆ.

1992ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೆರಾಲ್ಡ್ ವಿಂಗ್ ಸೂ ಮತ್ತು ಸಂಗಡಿಗರು ಬೇರೆ ಬೇರೆ ಹಿನ್ನೆಲೆಯವರೊಂದಿಗೆ ಆಪ್ತಸಮಾಲೋಚನೆ ಮಾಡುವ ಕೆಲಸಕ್ಕೆ ಮೂರು ಅಳತೆ ಹಾಕಿಕೊಟ್ಟರು: ತನ್ನ ಬಗ್ಗೆ ಅರಿವು, ಎದುರಿನವರ ಬದುಕಿನ ತಿಳಿವಳಿಕೆ, ಆಮೇಲೆ ಕೌಶಲ. ನಾನು ಅರಿವನ್ನು ಬಿಟ್ಟು ತಿಳಿವಳಿಕೆಗೆ ಹಾರಿದ್ದೆ. 1998ರಲ್ಲಿ ಮೆಲನಿ ಟರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು ಮುಂದಿಟ್ಟ ‘ಸಾಂಸ್ಕೃತಿಕ ವಿನಯ’ದ ಮಾತು ನನಗೆ ಹೆಚ್ಚು ಹಿಡಿಸಿತು. ಇನ್ನೊಬ್ಬರ ಬದುಕನ್ನು ಪೂರ್ತಿ ಕಲಿತು ಮುಗಿಸಿದೆ ಎನ್ನುವ ದಿನ ಯಾರಿಗೂ ಬರುವುದಿಲ್ಲ ಎಂಬುದು ಅದರ ತಿರುಳು.

ಹಾಗಾಗಿ ಮೊದಲ ದಿನ ಪೂರ್ತಿ ತಮ್ಮ ತಮ್ಮ ಊರಿಗೇ ಮೀಸಲಿಡಿ. ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಪ್ರತಿಯೊಬ್ಬರಿಗೂ ದೊಡ್ಡ ಹಾಳೆ ಕೊಟ್ಟು ಹುಟ್ಟಿದೂರಿನ ನಕ್ಷೆ ಬರೆಸಿ: ಗುಡಿ, ಮಸೀದಿ, ಬಾವಿ, ಕೇರಿಗಳು. ಆಮೇಲೆ ಮೂರು ಪ್ರಶ್ನೆ. ಯಾವ ಮನೆಯಲ್ಲಿ ನೀವು ಚಹಾ ಕುಡಿದಿದ್ದೀರಿ? ಯಾವ ಮನೆಯವರು ನಿಮ್ಮ ಕಟ್ಟೆಯವರೆಗೆ ಮಾತ್ರ ಬರುತ್ತಿದ್ದರು? ಯಾವ ಕೇರಿಗೆ ನೀವು ಇದುವರೆಗೆ ಕಾಲಿಟ್ಟಿಲ್ಲ? ನಿಮ್ಮ ನಕ್ಷೆಯನ್ನು ಮೊದಲು ತೋರಿಸಿ. ನನ್ನ ನಕ್ಷೆಯಲ್ಲಿ ನಮ್ಮಜ್ಜಿ ಹೊರಗೆ ಇಡುತ್ತಿದ್ದ ಬೇರೆ ಲೋಟವೂ ಇದೆ. ಅದನ್ನು ನಾನು ಹೇಳದ ಹೊರತು ಬೇರೆಯವರು ಹೇಳುವುದಿಲ್ಲ. ಒಂದೇ ಕೋಣೆಯಲ್ಲಿ ಆ ಲೋಟ ಇಟ್ಟ ಮನೆಯವರೂ ಅದರಲ್ಲಿ ಕುಡಿದ ಮನೆಯವರೂ ಇರುತ್ತಾರೆ. ಯಾರನ್ನೂ ಬಲವಂತದಿಂದ ಮಾತಾಡಿಸಬೇಡಿ. ಮಧ್ಯಾಹ್ನದ ಊಟವನ್ನು ಎಲ್ಲರೂ ಒಟ್ಟಿಗೆ ಮಾಡಲಿ.

ಎರಡನೇ ದಿನ ಕೇಳುವ ಕಲೆ. ವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್, ರೋಗಿ ತನ್ನ ಕಾಯಿಲೆಯನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾನೆ ಎಂದು ಅವನಿಂದಲೇ ತಿಳಿಯುವ ಕೆಲವು ಪ್ರಶ್ನೆಗಳನ್ನು 1970ರ ದಶಕದಲ್ಲೇ ರೂಪಿಸಿದ್ದರು. ಅಮೆರಿಕದ ಮನೋವೈದ್ಯರ ಸಂಘ ಮನೋರೋಗಗಳನ್ನು ಗುರುತಿಸಲು ಹೊರತಂದ ಕೈಪಿಡಿ, 2013ರ ಡಿಎಸ್ಎಂ-5ರಲ್ಲೂ ಇದೇ ಜಾಡಿನ 16 ಪ್ರಶ್ನೆಗಳ ಸಂದರ್ಶನವಿದೆ. ಪುಸ್ತಕದ ಕನ್ನಡದಲ್ಲಿ ಇವನ್ನು ಓದಿದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ಕೇಳಿಸುತ್ತದೆ. ನಾವು ಹೀಗೆ ಮಾಡಿಕೊಂಡಿದ್ದೇವೆ:

‘ಇದಕ್ಕ ನಿಮ್ಮ ಮನ್ಯಾಗ ಏನಂತಾರ್ರಿ?’
‘ಯಾತಕ್ಕ ಬಂತು ಅಂತ ನಿಮಗ ಅನಸ್ತೈತಿ?’
‘ಇದರಾಗ ಹೆಚ್ಚು ಅಂಜಿಕಿ ಆಗೋದು ಯಾವುದು?’
‘ಇಲ್ಲಿಗೆ ಬರೂ ಮೊದಲ ಎಲ್ಲೆಲ್ಲಿ ತೋರಿಸೀರಿ? ದರ್ಗಾಕ್ಕ, ದೇವರ ಕೇಳಾಕ ಹೋಗಿದ್ರೂ ಹೇಳ್ರಿ.’

ಕೊನೆಯ ಸಾಲನ್ನು ಬಿಡಲೇಬೇಡಿ. ನಾವಾಗಿ ಕೇಳದಿದ್ದರೆ ದರ್ಗಾದ ತಾಯಿತ, ಹುಲಿಗೆಮ್ಮನ ಹರಕೆಯನ್ನು ಜನ ಮುಚ್ಚಿಡುತ್ತಾರೆ, ಎಲ್ಲಿ ಬೈಯುತ್ತೇವೋ ಎಂಬ ಅಂಜಿಕೆಯಿಂದ. ‘ಗಾಳಿ ಸೋಕೈತಿ’ ಎಂದರೆ ನಗಬಾರದು, ಹೌದೆಂದು ತಲೆಯಾಡಿಸಲೂಬಾರದು. ‘ಆವಾಗ ಮೈಯಾಗ ಏನೇನ ಆಗ್ತೈತಿ?’ ಎಂದು ಮುಂದೆ ಕೇಳಬೇಕು. ನಮ್ಮಲ್ಲಿ ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಬರುವವರು ಕಡಿಮೆ. ‘ಎದಿ ಬಡಬಡ ಅಂತೈತಿ’, ‘ತಲಿ ಜುಮ್ ಅಂತೈತಿ’, ‘ಊಟ ಒಳಗ ಹೋಗವಲ್ದು’ ಎನ್ನುತ್ತಾರೆ. ಇಂಥ ಮಾತುಗಳಿಗೆ ಒಂದು ನೋಟ್‌ಬುಕ್ ಇಡಿಸಿ, ಹೇಳಿದವರ ಮಾತಿನಲ್ಲೇ ಬರೆಸಿ.

ಮೂರನೇ ದಿನ ದುಭಾಷಿಯೊಂದಿಗೆ ಕೆಲಸ. ನನಗೆ ಇದನ್ನು ಕಲಿಸಿದ್ದು ಒಬ್ಬ ಲಂಬಾಣಿ ತಾಯಿ. ಆಕೆ ಐದು ನಿಮಿಷ ಅತ್ತು ಅತ್ತು ಹೇಳಿದಳು; ಪಕ್ಕದಲ್ಲಿದ್ದ ಮಗ ‘ಏನಿಲ್ರಿ, ನಿದ್ದಿ ಬರೂದಿಲ್ಲಂತ’ ಎಂದು ಮುಗಿಸಿದ. ಅಷ್ಟನ್ನೇ ನಾನು ಬರೆದುಕೊಂಡೆ. ಆಕೆಗೆ ಸಾಯುವ ಯೋಚನೆ ಬರುತ್ತಿತ್ತೆಂದು ನನಗೆ ತಿಳಿದದ್ದು ಅದೇ ತಾಂಡಾದ ಆಶಾ ಕಾರ್ಯಕರ್ತೆಯಿಂದ, ಮೂರು ವಾರದ ಮೇಲೆ. ಆಕೆ ಬದುಕಿದ್ದಾಳೆ, ನನ್ನ ಜಾಣತನದಿಂದಲ್ಲ.

ಮನೆಯವರನ್ನು, ಮಕ್ಕಳನ್ನಂತೂ, ದುಭಾಷಿ ಮಾಡಬೇಡಿ. ಮೂವರೂ ತ್ರಿಕೋನದಲ್ಲಿ ಕೂತು, ಬಂದವರ ಮುಖ ನೋಡಿ ಮಾತಾಡಿ, ದುಭಾಷಿಯ ಮುಖವನ್ನಲ್ಲ. ಎರಡು ಚಿಕ್ಕ ವಾಕ್ಯಕ್ಕೊಮ್ಮೆ ನಿಲ್ಲಿಸಿ. ದುಭಾಷಿ ‘ಅವರು ಹಿಂಗಂತಾರ’ ಎನ್ನದೆ ‘ನಾನು’ ಎಂದೇ ಹೇಳಲಿ, ಒಂದು ಮಾತನ್ನೂ ಮೊಟಕು ಮಾಡದೆ. ತಾಂಡಾ ಚಿಕ್ಕದು, ದುಭಾಷಿ ನೆಂಟಳೇ ಆಗಿರಬಹುದು. ‘ಈಕಿ ಇದ್ರ ನಡೀತೈತೇನ್ರಿ?’ ಎಂದು ಮೊದಲೇ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದು ಹೇಳಿದೆ. ದುಭಾಷಿಯೂ ಅದನ್ನು ಪಾಲಿಸುವ ಮಾತು ಕೊಡಲಿ.

ಅಭ್ಯಾಸಕ್ಕೆ ಮನಶ್ಶಾಸ್ತ್ರಜ್ಞ ಪಾಲ್ ಪೆಡರ್ಸನ್ ರೂಪಿಸಿದ ಆಟವೊಂದಿದೆ. ಸಮಾಲೋಚಕಿ, ಬಂದವರು, ಜೊತೆಗೆ ಬಂದವರ ಮನಸ್ಸಿನ ದನಿಯಾಗಿ ಇನ್ನೊಬ್ಬರು. ಕ್ಯಾಂಪಿನ ಸಾಲಗಾರ ರೈತನ ಪಾತ್ರಧಾರಿ ‘ಚೆನ್ನಾಗಿದೀನಮ್ಮಾ’ ಎಂದರೆ ಹಿಂದೆ ನಿಂತವರು ಗಟ್ಟಿಯಾಗಿ ‘ನಮ್ಮನ್ನ ಹೊರಗಿನವರು ಅಂತಾರ, ಈಕಿ ಮುಂದ ಮರ್ಯಾದಿ ಯಾಕ ಕಳಕೊಳ್ಳಲಿ’ ಎನ್ನುತ್ತಾರೆ. ಹತ್ತು ನಿಮಿಷ ಸಾಕು. ಅಷ್ಟರಲ್ಲೇ ಬೆವರುತ್ತಾರೆ.

ನಿಮ್ಮ ಅರ್ಜಿ ನಮೂನೆಯನ್ನೂ ತರಬೇತಿಯಲ್ಲೇ ತಿದ್ದಿಸಿ. ‘ತಂದೆ/ಗಂಡನ ಹೆಸರು’ ಎಂಬ ಕಾಲಂ ಮುಂದೆ ಮಾಜಿ ದೇವದಾಸಿಯರೂ ಅವರ ಮಕ್ಕಳೂ ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1982ರಲ್ಲೇ ಬಂತು, ಆದರೆ ಆ ಕಾಲಂ ಇನ್ನೂ ಇದೆ. ನಾವು ‘ತುರ್ತಿಗೆ ಯಾರಿಗೆ ತಿಳಿಸಬೇಕು?’ ಎಂದು ಬದಲಿಸಿದೆವು. ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣಿನ ಉಡುಗೆಯಲ್ಲಿ ಬದುಕುವ ಜೋಗಪ್ಪಗಳು ಬಂದರೆ ‘ಏನಂತ ಕರೀಲ್ರಿ?’ ಎಂದು ನೇರ ಕೇಳಿ, ಹೇಳಿದ ಹಾಗೆಯೇ ಕರೆಯಿರಿ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದ ನಾವೇ ನಮ್ಮ ಬಾಗಿಲಿಗೆ ಬಂದವರನ್ನು ಏಕವಚನದಲ್ಲಿ ಕರೆಯಬಾರದು.

ಒಂದು ಕಡೆ ಬಗ್ಗಬೇಡಿ. ಹದಿನೈದರ ಹುಡುಗಿಯ ಮದುವೆಗೆ, ಹೊಡೆತಕ್ಕೆ ‘ನಮ್ಮಲ್ಲಿ ಹಂಗs ಪದ್ಧತಿ’ ಎಂಬ ಉತ್ತರ ಬಂದರೆ ಅದನ್ನು ಸಂಸ್ಕೃತಿಯೆಂದು ಗೌರವಿಸಿ ಸುಮ್ಮನಿರುವುದು ದ್ರೋಹ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಗೋಪ್ಯತೆಯ ಈ ಮಿತಿಯನ್ನು ಮೊದಲ ಭೇಟಿಯಲ್ಲೇ ತಿಳಿಸುವುದನ್ನು ಅಭ್ಯಾಸ ಮಾಡಿಸಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿರಲಿ.

ಇಷ್ಟೆಲ್ಲ ದೊಡ್ಡ ಊರಿನಿಂದ ಬಂದವರು ಮಾಡುವ ಕೆಲಸ ಎನ್ನುವವರಿಗೆ ನಾನು ಬಳ್ಳಾರಿಯ ಉದಾಹರಣೆ ಕೊಡುತ್ತೇನೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಪ್ರಯೋಗ ನಡೆಸಿದ್ದು ಅಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು. 1996ರಿಂದ ದೇಶಕ್ಕೆ ಹರಡತೊಡಗಿದ್ದು ಅದೇ ಬಳ್ಳಾರಿ ಮಾದರಿ.

ತರಬೇತಿ ಮುಗಿದ ಮೇಲೆ ತಿಂಗಳಿಗೊಂದು ಶನಿವಾರ ಎಲ್ಲರನ್ನೂ ಕೂಡಿಸಿ. ಗುಣವಾದವರ ಕಥೆ ಬೇಡ. ಎರಡನೇ ಸಲ ಬಾರದವರ ಪಟ್ಟಿಯನ್ನು, ಹೆಸರು ಮರೆಮಾಡಿ, ತರಲು ಹೇಳಿ. ಅಲ್ಲಿ ಏನು ತಪ್ಪಿತು ಎಂದು ಒಂದೊಂದನ್ನೇ ಬಿಡಿಸಿ ನೋಡಿ. ಹಿಂದೊಂದು ಶನಿವಾರ ನಮ್ಮ ಪಟ್ಟಿಯಲ್ಲಿ ಒಂಬತ್ತು ಜನ ಇದ್ದರು. ನಾಲ್ವರು ಸುಗ್ಗಿ ಮುಗಿದ ಮೇಲೆ ಗುಳೆ ಹೋಗಿದ್ದರು. ಅಂದಿನಿಂದ ಮೊದಲ ಭೇಟಿಯಲ್ಲೇ ‘ದುಡಿಯಾಕ ಯಾವಾಗ ಹೋಗ್ತೀರಿ?’ ಎಂದು ಕೇಳುತ್ತೇವೆ. ಹೋಗುವವರಿದ್ದರೆ ಅಂದಿನ ಮಾತನ್ನು ಅರ್ಧಕ್ಕೆ ಬಿಡದೆ ಮುಗಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿ, ಒಮ್ಮೆ ಅಲ್ಲೇ ಹಚ್ಚಿ ಕನ್ನಡದಲ್ಲಿ ಮಾತಾಡಿಸಿ ಕಳಿಸುತ್ತೇವೆ.