42 ಮಿ.ಮೀ. ಅಂದರೆ ಎಷ್ಟು? ರೇಸಿಂಗ್ ವಾಚು ಕಟ್ಟಿ ನೋಡುವ ಬಗೆ

ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಕೇಸಿನ, ಅಂದರೆ ವಾಚಿನ ಹೊರಕವಚದ, ಅಗಲ. ಕೈಗೆ ಲೆಕ್ಕಕ್ಕೆ ಬರುವುದು ಅದಲ್ಲ. ಬೆಲ್ಟ್ ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ, ಅಂಗಡಿಯವರು ‘ಲಗ್ ಟು ಲಗ್’ ಅನ್ನುವುದು, ಅದನ್ನು ಕೇಳಬೇಕು. ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್ 42 ಮಿ.ಮೀ., ಟ್ಯಾಗ್ ಹಾಯರ್ ಕಾರೆರಾ ಗ್ಲಾಸ್‌ಬಾಕ್ಸ್ 39 ಮಿ.ಮೀ. ಕೊಂಬಿನಿಂದ ಕೊಂಬಿಗೆ ಅಳೆದರೆ ಮೊದಲನೆಯದು ಸುಮಾರು 48, ಎರಡನೆಯದು 46. ಮೂರರ ಅಂತರ ಎರಡಕ್ಕೆ ಇಳಿಯಿತು. ದಪ್ಪದ ಲೆಕ್ಕ ಇನ್ನೂ ತಮಾಷೆ: ಚಿಕ್ಕದೆಂದುಕೊಂಡ ಕಾರೆರಾ ಹತ್ತಿರಹತ್ತಿರ 14 ಮಿ.ಮೀ., ಸ್ಪೀಡ್‌ಮಾಸ್ಟರೇ ಅದಕ್ಕಿಂತ ತುಸು ತೆಳು.

ಹಾಗಾಗಿ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಎರಡು ಅಳತೆ ತೆಗೆದಿಟ್ಟುಕೊಳ್ಳುತ್ತೇನೆ. ಮಣಿಕಟ್ಟಿನ ಸುತ್ತಳತೆಗೆ ಒಂದು ದಾರ ಸಾಕು, ನನ್ನದು 16.5 ಸೆಂ.ಮೀ. ಅದಕ್ಕಿಂತ ಮುಖ್ಯವಾದದ್ದು ಮೇಲ್ಭಾಗದ ಸಮತಟ್ಟು. ಸ್ಕೇಲನ್ನು ಕೈಗೆ ಅಡ್ಡವಾಗಿಟ್ಟರೆ ಎರಡೂ ಬದಿ ಇಳಿಜಾರು ಶುರುವಾಗುವ ಜಾಗ ಕಾಣುತ್ತದೆ. ಅದು ನನಗೆ 52 ಮಿ.ಮೀ. ಕೊಂಬುಗಳ ಉದ್ದ ಇದರೊಳಗೆ ಕೂತರೆ ವಾಚು ಒಗ್ಗುತ್ತದೆ, ದಾಟಿದರೆ ಕೊಂಬಿನ ಕೆಳಗೆ ಬೆಳಕು ಇಣುಕುತ್ತದೆ. ಸಂಜೆ ಅಳೆಯುವುದು ಒಳ್ಳೆಯದು, ಬೆಳಗಿನ ಕೈಗಿಂತ ಸಂಜೆಯ ಕೈ ಊದಿರುತ್ತದೆ. ರಟ್ಟಿನಲ್ಲಿ 48 ಮಿ.ಮೀ. ಉದ್ದದ ತುಂಡು ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಟ್ಯಾಗ್ ಹಾಯರ್ ಮೊನಾಕೊಗೆ ಮಾತ್ರ ಈ ರಟ್ಟು ಸಾಲದು. ಅದೂ 39 ಮಿ.ಮೀ.ನದ್ದೇ, ಆದರೆ ಚೌಕ. ದುಂಡು ವಾಚಿನಲ್ಲಿ ಇಲ್ಲದ ನಾಲ್ಕು ಮೂಲೆಗಳು ಕೈ ತುಂಬಿಕೊಂಡು 42ರ ದುಂಡು ವಾಚಿಗಿಂತ ದೊಡ್ಡದಾಗಿ ಕಾಣುತ್ತವೆ. 1969ರ ಮೂಲದಂತೆ ಕೀ ಎಡಕ್ಕಿರುವ, ಕ್ಯಾಲಿಬರ್ 11 ಎಂಬ ಯಂತ್ರದ ಮಾದರಿಯಲ್ಲಿ ಒಂದು ಅನುಕೂಲವಿದೆ: ಕೈ ಹಿಂದಕ್ಕೆ ಮಡಚಿದಾಗ ಕೀ ಚುಚ್ಚುವುದಿಲ್ಲ.

ಅಂಗಡಿಯಲ್ಲಿ ಮೊದಲ ತೊಡಕು ಚೈನು. ಮಾರಾಟದ ಚೈನಿನಲ್ಲಿ ಎಲ್ಲ ಕೊಂಡಿಗಳೂ ಇರುತ್ತವೆ, ಕಟ್ಟಿದರೆ ಬಳೆಯಂತೆ ಜಾರಿ ವಾಚು ಪಕ್ಕಕ್ಕೆ ವಾಲುತ್ತದೆ. ‘ದಪ್ಪ ಜಾಸ್ತಿ, ಭಾರ ಜಾಸ್ತಿ’ ಎಂಬ ಬಹುಪಾಲು ದೂರುಗಳು ಹುಟ್ಟುವುದು ಇಲ್ಲೇ. ಒರೆಸುವ ಮೃದುಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೈನು ಮುಚ್ಚುವ ಕ್ಲಾಸ್ಪಿನ ಕೆಳಗೆ, ಮಣಿಕಟ್ಟಿನ ಅಡಿಭಾಗಕ್ಕೆ ತುರುಕಬೇಕು. ಸಡಿಲ ಹೋಗಿ ವಾಚು ತನ್ನ ಜಾಗದಲ್ಲಿ ಕೂರುತ್ತದೆ. ಅದೇ ಮಾದರಿ ಚರ್ಮದ ಬೆಲ್ಟಿನಲ್ಲಿದ್ದರೆ ಅದನ್ನೂ ಕೇಳಿ. ದೊಡ್ಡ ತೂತುಗಳ ರ‍್ಯಾಲಿ ಬೆಲ್ಟ್ ಚೆಂದವೇನೋ ಹೌದು, ಆದರೆ ಮಂಗಳೂರಿನ ಏಪ್ರಿಲ್ ಬೆವರಿಗೆ ತೂತಿದ್ದರೂ ಚರ್ಮ ಚರ್ಮವೇ. ಅಲ್ಲಿನವರಿಗೆ ನನ್ನ ಮತ ಚೈನಿಗೆ.

ಕಟ್ಟಿಕೊಂಡ ಮೇಲೆ ಕನ್ನಡಿ ನೋಡುವುದು ಕೊನೆಗಿರಲಿ. ಕ್ಲಚ್ ಹಿಡಿದಂತೆ, ಸ್ಟೇರಿಂಗ್ ಹಿಡಿದಂತೆ ಕೈ ಮಡಚಿ. ಕೀ ಅಥವಾ ಗುಂಡಿ ಅಂಗೈ ಹಿಂಭಾಗಕ್ಕೆ ಒತ್ತಿ ಗುರುತು ಮೂಡಿದರೆ ದಿನವಿಡೀ ಅದೇ ಕಿರಿಕಿರಿ. ತುಂಬು ತೋಳಿನ ಅಂಗಿಯ ಗುಂಡಿ ಹಾಕಿ ನೋಡಿ. 14 ಮಿ.ಮೀ. ದಪ್ಪದ ವಾಚು ತೋಳಿನ ಪಟ್ಟಿಯೊಳಗೆ ನುಗ್ಗುವುದಿಲ್ಲ, ಅಂಚಿಗೆ ತಡೆದು ನಿಲ್ಲುತ್ತದೆ.

ಇನ್ನು ಯಂತ್ರ. ನಿಜವಾಗಿ ಸಮಯ ಕೊಡಬೇಕಾದದ್ದು ಇದಕ್ಕೆ. ಟ್ರೇಯಲ್ಲಿ ನಿಂತುಹೋದ ವಾಚನ್ನು ಹಾಗೇ ಪರೀಕ್ಷಿಸಬೇಡಿ. ಅನುಮತಿ ಕೇಳಿ ಇಪ್ಪತ್ತು, ಇಪ್ಪತ್ತೈದು ಸುತ್ತು ಕೀ ಕೊಡಿ. ಎಚ್‌ಎಂಟಿ ಜನತಾಗೆ ಕೀ ಕೊಟ್ಟು ರೂಢಿಯಿದ್ದವರಿಗೆ ಸ್ಪೀಡ್‌ಮಾಸ್ಟರ್ ಹೊಸದೇನಲ್ಲ, ಅದಕ್ಕೂ ದಿನಾ ಕೈಯಾರೆ ಕೊಡಬೇಕು. ಮಧ್ಯದ ಉದ್ದ ಮುಳ್ಳು 12ರಲ್ಲಿ ಸುಮ್ಮನೆ ನಿಂತಿರುವುದನ್ನು ಕಂಡು ‘ಓಡುತ್ತಿಲ್ಲ’ ಅನ್ನುವವರಿದ್ದಾರೆ. ಅದು ಕ್ರೋನೋಗ್ರಾಫ್ ಮುಳ್ಳು, ಅಂದರೆ ವಾಚಿನೊಳಗಿನ ಸ್ಟಾಪ್‌ವಾಚಿನದು, ಗುಂಡಿ ಒತ್ತಿದರೆ ಮಾತ್ರ ಓಡುವುದು. ಓಡುವ ಸೆಕೆಂಡಿನ ಮುಳ್ಳು ಚಿಕ್ಕದು, ಸ್ಪೀಡ್‌ಮಾಸ್ಟರಿನಲ್ಲಿ 9ರ ಬಳಿ, ಕಾರೆರಾದಲ್ಲಿ 6ರ ಬಳಿ.

ಮೇಲಿನ ಗುಂಡಿ ಓಡಿಸುತ್ತದೆ, ನಿಲ್ಲಿಸುತ್ತದೆ. ಕೆಳಗಿನದು ಸೊನ್ನೆಗೆ ತರುತ್ತದೆ. ಮುಳ್ಳು ಹೊರಡುವ ಕ್ಷಣವನ್ನೇ ದಿಟ್ಟಿಸಿ. ಸ್ಪೀಡ್‌ಮಾಸ್ಟರಿನಲ್ಲಿ ಚಕ್ರದ ಹಲ್ಲು ಹಲ್ಲಿಗೆ ಪಕ್ಕದಿಂದ ಸೇರುವುದರಿಂದ ಮುಳ್ಳು ಚೂರು ಜಿಗಿಯಬಹುದು. ಅದು ದೋಷವಲ್ಲ, ಆ ರಚನೆಯ ಗುಣ. ಕಾರೆರಾದ ಟಿಎಚ್20 ಯಂತ್ರದಲ್ಲಿ ಕ್ಲಚ್ ಮೇಲಿಂದ ಒತ್ತಿ ಹಿಡಿಯುತ್ತದೆ, ಹೊರಡುವುದು ನಯವಾಗಿ. ಹಾಗಾಗಿ ಒಂದೇ ಮಾದರಿಯ ಎರಡು ಪೀಸು ತರಿಸಿ ಹೋಲಿಸಿ. ಬೇರೆ ಬೇರೆ ಮಾದರಿಗಳ ಗುಂಡಿ ಹೋಲಿಸಿ ತಪ್ಪು ಹಿಡಿಯುವುದು ಸರಿಯಲ್ಲ. ರೋಲೆಕ್ಸ್ ಡೇಟೋನಾದ ಗುಂಡಿಗಳಿಗೆ ತಿರುಪು ಇದೆ. ಬಿಚ್ಚದೆ ಒತ್ತಿದರೆ ಏನೂ ಆಗುವುದಿಲ್ಲ. ಅಂಗಡಿಯಲ್ಲಿರುವ ಡೇಟೋನಾ ಬಹುತೇಕ ಪ್ರದರ್ಶನಕ್ಕೆ ಮಾತ್ರ ಇಟ್ಟದ್ದು, ಕಟ್ಟಿ ನೋಡಿ ಹೆಸರು ಬರೆಸಿ ಬರಬಹುದು.

ಈಗ ಫೋನಿನ ಸ್ಟಾಪ್‌ವಾಚ್ ತೆಗೆಯಿರಿ. ಟ್ಯಾಕಿಮೀಟರ್, ಅಂದರೆ ವೇಗ ತೋರಿಸುವ ಅಂಕಿಗಳ ಸಾಲು, 3600ನ್ನು ಸೆಕೆಂಡಿನಿಂದ ಭಾಗಿಸಿದ ಲೆಕ್ಕ: ಒಂದು ಕಿಲೋಮೀಟರಿಗೆ 45 ಸೆಕೆಂಡು ಹಿಡಿದರೆ ಗಂಟೆಗೆ 80, 36 ಹಿಡಿದರೆ 100, 30 ಹಿಡಿದರೆ 120. ಮುಳ್ಳನ್ನು ಸರಿಯಾಗಿ 36ಕ್ಕೆ ನಿಲ್ಲಿಸಿ, ವಾಚನ್ನು ನೇರವಾಗಿ ಮೇಲಿನಿಂದ ನೋಡಿ. ಬೆಜೆಲ್‌ನ, ಅಂದರೆ ಗಾಜಿನ ಸುತ್ತಲಿನ ಉಂಗುರದ, 100ಕ್ಕೂ ಮುಳ್ಳಿನ ತುದಿಗೂ ಹೊಂದಿಕೆ ತಪ್ಪಿದ್ದರೆ ಬೆಜೆಲ್ ಕೂರಿಸಿದ್ದೇ ಓರೆ. ಹೀಗೆ ಎರಡು ನಿಮಿಷ ಓಡಿಸಿದರೆ ನಿಮಿಷದ ಚಿಕ್ಕ ಮುಳ್ಳೂ ಗೆರೆಗೆ ಬಂತೇ ಎಂದು ತಿಳಿಯುತ್ತದೆ. ಕೊನೆಗೆ ನಿಲ್ಲಿಸಿ ಸೊನ್ನೆಗೆ ತನ್ನಿ. ಐದು ಸಲ ಮಾಡಿ. ಐದರಲ್ಲಿ ಒಂದು ಸಲವಾದರೂ ಮುಳ್ಳು 12ರ ಗೆರೆಯ ಪಕ್ಕಕ್ಕೆ ಬಿದ್ದರೆ ಆ ಪೀಸು ಬೇಡ. ‘ಸರ್ವೀಸಿನಲ್ಲಿ ಸರಿಮಾಡಿಸಿಕೊಡುತ್ತೇವೆ’ ಎಂಬ ಮಾತಿಗೆ ಹೊಸ ವಾಚಿನ ಹಣ ಕೊಡಬಾರದು.

ಓದಲು ಬರುತ್ತದೆಯೇ ಎಂಬುದನ್ನು ಅಂಗಡಿಯ ದೀಪದಲ್ಲಿ ತೀರ್ಮಾನಿಸಬೇಡಿ, ಬಾಗಿಲ ಹತ್ತಿರದ ಬಿಸಿಲಿಗೆ ಒಯ್ಯಿರಿ. ಬಿಳಿ ಡಯಲ್ ಮೇಲಿನ ಬೆಳ್ಳಿ ಮುಳ್ಳು ಅಲ್ಲಿ ಮಾಯವಾಗುವುದುಂಟು. 1963ರಲ್ಲಿ ಹಾಯರ್ ಕಂಪನಿಯ ಜ್ಯಾಕ್ ಹಾಯರ್ ಮೆಕ್ಸಿಕೊದ ರಸ್ತೆ ರೇಸಿನ ಹೆಸರಿಟ್ಟು ಕಾರೆರಾ ತಂದಾಗ ಗುರಿಯಿದ್ದದ್ದೇ ಚೊಕ್ಕ ಡಯಲ್. ಒಂದೇ ನೋಟಕ್ಕೆ ಓದಲಾಗದ ಕಾರೆರಾ ಕೊಂಡು ಏನು ಮಾಡುವುದು? ಸ್ಪೀಡ್‌ಮಾಸ್ಟರಿನಲ್ಲಿ ಎರಡು ಬಗೆಯ ಗಾಜಿದೆ, ಎರಡನ್ನೂ ಅಕ್ಕಪಕ್ಕ ಇಡಿಸಿ. ಹೆಸಲೈಟ್ ಗೀರು ಬೀಳುವ ಪ್ಲಾಸ್ಟಿಕ್, ಆದರೆ ಉಜ್ಜಿದರೆ ಗೀರು ಹೋಗುತ್ತದೆ. ಸಫೈರ್ ಗೀರಿಗೆ ಬಗ್ಗದು, ಅಂಚಿನಲ್ಲಿ ಮಾತ್ರ ಹಾಲಿನಂಥ ಬಿಳಿ ಉಂಗುರ ಕಾಣುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.

ಹಣದ ಕಡೆ ಒಂದೇ ಎಚ್ಚರ: 10 ಲಕ್ಷ ದಾಟಿದ ಕೈಗಡಿಯಾರಕ್ಕೆ ಮಾರುವವರು ಶೇ. 1 ಟಿಸಿಎಸ್ (ಮಾರುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ) ಹಿಡಿಯಬೇಕೆಂಬ ನಿಯಮ 2025ರ ಏಪ್ರಿಲ್ 22ರಿಂದ ಜಾರಿಗೆ ಬಂದಿದೆ. ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ಹಾಗಾಗಿ ಬಿಲ್ಲಿನಲ್ಲಿ ಪ್ಯಾನ್ ಸರಿಯಾಗಿ ನಮೂದಾಗಿರಲಿ.

ಆರಿಸಿದ ಮೇಲೆ ಚೈನು ಅಳತೆಗೆ ಇಳಿಸುವಾಗ ಎದುರಿಗೇ ಕೂತಿರಿ. ಎರಡೂ ಬದಿಯಿಂದ ಸಮಸಮ ಕೊಂಡಿ ತೆಗೆಯುವುದು ಅಂಗಡಿಯವರ ಅಭ್ಯಾಸ. ಸಣ್ಣ ಮಣಿಕಟ್ಟಿಗೆ 6ರ ಬದಿಯಿಂದ ಒಂದು ಹೆಚ್ಚು ತೆಗೆಸಿದರೆ ಕ್ಲಾಸ್ಪ್ ಮಣಿಕಟ್ಟಿನ ಅಡಿಭಾಗದ ನಡುವಿಗೆ ಬರುತ್ತದೆ, ವಾಚಿನ ತಲೆ ಹೊರಕ್ಕೆ ಜಾರುವುದಿಲ್ಲ. ಕಿರುಬೆರಳು ಚೈನಿನೊಳಗೆ ಹೋಗುವಷ್ಟು ಸಡಿಲ ಬಿಟ್ಟು, ತೆಗೆದ ಕೊಂಡಿಗಳನ್ನು ತಿರುಪು ಸಮೇತ ಎಣಿಸಿ ಪೊಟ್ಟಣಕ್ಕೆ ಹಾಕಿಸಿಕೊಳ್ಳಿ.