ಕ್ಯಾಮೆರಾಕ್ಕೆ ಕಟ್ಟಿದ ಕೊಟ್ಟೆ

ಹೋದ ಮಳೆಗಾಲದಲ್ಲಿ ಒಂದು ಸಂಜೆ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ, ಕಪ್ಪೆ ಫೋಟೋ ತೆಗೆಯಲು ಹೊರಟಿದ್ದೆ. ಜಗಲಿ ಮೇಲೆ ಕವಳ ಹಾಕುತ್ತಾ ಕೂತಿದ್ದ ಭಾವ ನನ್ನ ಕೈ ನೋಡಿದ. "ಎಂತ ಭಾವಾ, ಕ್ಯಾಮೆರಾಕ್ಕೂ ಕೊಳೆರೋಗ ಬಂತಾ? ಕೊಟ್ಟೆ ಕಟ್ಟಿದ್ದೆಯಲ್ಲ!" ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಕಟ್ಟುವ ಹೊದಿಕೆಯೇ ಕೊಟ್ಟೆ. ಫ್ಲಾಶ್‌ಗೆ ಕಟ್ಟಿದ ಅಡಿಕೆ ಹಾಳೆ ನೋಡಿ ನಕ್ಕವನು ಅವನೊಬ್ಬನೇ ಅಲ್ಲ. ಸಾಗರದ ಫೋಟೋ ಗೆಳೆಯರೂ "ಸುಮ್ನೆ ಒಂದು ಮ್ಯಾಕ್ರೋ ಲೆನ್ಸ್ ತಗೋ ಮಾರಾಯಾ" ಅಂದಿದ್ದರು, ಸಣ್ಣದನ್ನು ಹತ್ತಿರದಿಂದ ತೆಗೆಯಲೆಂದೇ ಇರುವ ಲೆನ್ಸ್ ಅದು. ಈ ವರ್ಷ ಅದೇ ಹಾಳೆಯಲ್ಲಿ ತೆಗೆದ ಪೊದೆಗಪ್ಪೆ ಒಂದು ಮಾಸಪತ್ರಿಕೆಯ ಮುಖಪುಟಕ್ಕೆ ಹೋಯಿತು. ಸಂಭಾವನೆ 1,500 ರೂಪಾಯಿ. ಈಗ ಬರೆಯಬಹುದು ಅನ್ನಿಸಿತು.

ಮೊದಲ ಎರಡು ವರ್ಷ ದುಡ್ಡು ಹೋಗಿದ್ದು ತಿರುಗಾಟಕ್ಕೆ. 2014ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಕುಂಬಾರ ಕಪ್ಪೆ ಇದೆಯಲ್ಲ, ಗಂಡು ಕೈಯಲ್ಲಿ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತದೆ. ಅದರ ಹುಚ್ಚಿಗೆ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಕಡೆ ಮೂರು ಸಲ ಬಾಡಿಗೆ ಕಾರು ಮಾಡಿಕೊಂಡು ಹೋದೆ. ಆರೇಳು ಸಾವಿರ ಖರ್ಚಾಗಿರಬೇಕು. ರಸ್ತೆಯಂಚಲ್ಲಿ ನಿಂತು ಕೂಗು ಕೇಳಿದ್ದೇ ಬಂತು, ಕಪ್ಪೆ ಕಾಣಲಿಲ್ಲ. ಉಂಬಳ ಮಾತ್ರ ಬೇಕಾದಷ್ಟು ಹತ್ತಿದವು. ಆಮೇಲೆ ಒಂದು ತೀರ್ಮಾನ ಮಾಡಿದೆ. ಮನೆ ಹಿಂದಿನ ಬೆಟ್ಟದಲ್ಲಿ ದರೆಯಿಂದ ಹಳ್ಳದವರೆಗೆ ಅರ್ಧ ಕಿಲೋಮೀಟರ್, ದಿನಾ ಅದೇ ದಾರಿ. ಒಂದೂವರೆ ತಿಂಗಳಲ್ಲಿ ಯಾವ ಕಪ್ಪೆ ಯಾವ ಗಿಡದಲ್ಲಿ ಕೂಗುತ್ತದೆ ಅಂತ ಕಣ್ಣು ಮುಚ್ಚಿ ಹೇಳುವಷ್ಟಾಯಿತು.

ಸಾಮಾನು ಹೆಚ್ಚಿಲ್ಲ. ಹಳೇ ಕ್ಯಾಮೆರಾ, 1,800ಕ್ಕೆ ಸಿಕ್ಕ ಹಳೇ 50 ಎಂಎಂ ಲೆನ್ಸ್, ಸಣ್ಣದನ್ನು ದೊಡ್ಡದಾಗಿ ತೆಗೆಯಲು ಅದರ ಹಿಂದೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್, ಸುಮಾರು ಮೂರು ಸಾವಿರದ ಫ್ಲಾಶ್. ತೊಂದರೆ ಇದ್ದದ್ದು ಬೆಳಕಿನಲ್ಲಿ. ಒದ್ದೆ ಕಪ್ಪೆಯ ಬೆನ್ನ ಮೇಲೆ ಫ್ಲಾಶ್ ಬಿದ್ದರೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಬೆಳಕನ್ನು ಹರಡಿ ಮೆತ್ತಗೆ ಮಾಡುವ ಡಿಫ್ಯೂಸರ್ ಅಂಗಡಿಯಲ್ಲಿ ಎರಡು ಕೊಂಡೆ. ಒಂದು ಮುಳ್ಳಿಗೆ ಸಿಕ್ಕಿ ಹರಿಯಿತು, ಇನ್ನೊಂದು ಚಿಕ್ಕದಾಯಿತು.

ಹಾಳೆಯ ಯೋಚನೆ ಬಂದಿದ್ದು ತೋಟದಲ್ಲಿ. ಬಾಗು ಅದಕ್ಕೆ ಹುಟ್ಟಿನಿಂದಲೇ ಇದೆ. ನೀರಲ್ಲಿ ನೆನೆಸಿ, ಲೆನ್ಸಿನ ಮೇಲೆ ಚಪ್ಪರದ ಹಾಗೆ ಬಾಗಿಸಿ, ದಾರ ಕಟ್ಟಿ ಎರಡು ದಿನ ಒಣಗಿಸಿದೆ. ಮುಂದಿನ ಬಾಯಿಗೆ ಮಿಕ್ಸಿಯ ಪೆಟ್ಟಿಗೆಯಲ್ಲಿ ಬಂದಿದ್ದ ಬಿಳಿ ಫೋಮ್ ಹಾಳೆ ಅಂಟಿಸಿದೆ. ಮೊದಲ ದಿನದ ಫೋಟೋ ನೋಡಿ ನನಗೇ ನಗು ಬಂತು. ಹಸಿರು ಕಪ್ಪೆಗೆ ಕಾಮಾಲೆ! ಹಾಳೆಯ ಒಳಮೈ ಹಳದಿ ಅಲ್ವಾ, ಬೆಳಕೂ ಹಳದಿಯಾಗಿತ್ತು. ಎರಡನೇ ದಿನ ಜಡಿಮಳೆ. ಅರ್ಧ ಗಂಟೆಯಲ್ಲಿ ಹಾಳೆ ಮೆತ್ತಗಾಗಿ ಲೆನ್ಸಿನ ಮುಂದೆ ಜೋತುಬಿತ್ತು. ಮೂರನೆಯದಕ್ಕೆ ಗೇರೆಣ್ಣೆ ಹಚ್ಚಿದೆ. ನೀರು ತಡೆಯಿತು, ಆದರೆ ಒಳಗೆಲ್ಲ ಕಪ್ಪಾಗಿ ಬೆಳಕೇ ಸತ್ತುಹೋಯಿತು, ಬೆರಳಿನ ಚರ್ಮವೂ ಸುಲಿಯಿತು. ಒಟ್ಟು ಒಂಬತ್ತೋ ಹತ್ತೋ ಹಾಳೆ ಹಾಳಾಗಿರಬೇಕು. ಈಗ ಒಳಗೆ ಏನು ಬಳಿಯುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅಡುಗೆಮನೆಯಲ್ಲಿ ಸಿಗುತ್ತದೆ, ಅಷ್ಟೇ ಸುಳಿವು.

ಮುಖಪುಟದ ಫೋಟೋ ಜುಲೈ ಎರಡನೇ ವಾರದ್ದು. ಮುರುಗಲು ಗಿಡದ ಎಲೆ ಮೇಲೆ ಬೆರಳ ತುದಿಯಷ್ಟು ಗಂಡು ಕೂತು ಕೂಗುತ್ತಿತ್ತು. ಟಾರ್ಚ್ ಬಿಟ್ಟರೆ ಸುಮ್ಮನಾಗುತ್ತದೆ. ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ನೆಲಕ್ಕೆ ಹಿಡಿದು, ಸುಮಾರು ಇಪ್ಪತ್ತು ನಿಮಿಷ ಕುಕ್ಕರಗಾಲಲ್ಲಿ ಕೂತೆ. ಗಂಟಲ ಚೀಲ ಉಬ್ಬಿತು, ಒಳಗಿನ ಸಣ್ಣ ರಕ್ತನಾಳ ಸಮೇತ ಕಂಡಿತು. ಕ್ಯಾಮೆರಾ ಸೆಟ್ಟಿಂಗ್ ಎಫ್ 11, 1/160, ಐಎಸ್‌ಒ 400, ಫ್ಲಾಶ್ 1/16 ಇದ್ದ ನೆನಪು. ಹದಿನಾಲ್ಕು ಕ್ಲಿಕ್‌ನಲ್ಲಿ ಒಂದು ಸಿಕ್ಕಿತು. ಬೆನ್ನಿನ ಒಂದೊಂದು ಗುಳ್ಳೆಯೂ ಬಿಡಿಬಿಡಿಯಾಗಿ ಇದೆ. ಲಕ್ಷದ ಲೆನ್ಸಿನವರು ಎರಡು ಸಲ ದೊಡ್ಡದು ಮಾಡಿ ನೋಡಿದರು.

ಇನ್ನು ನಿಜವಾದ ಕೊಳೆರೋಗದ ಕತೆ. ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಸ್ಟು. ಪೇಟೆಯಲ್ಲಿ ತೊಳೆಸಲು 2,800 ಕೊಟ್ಟೆ, ಲೆನ್ಸಿನ ಬೆಲೆಗಿಂತ ಜಾಸ್ತಿ! ಅಡಿಕೆಗಾದರೆ ಬೋರ್ಡೋ ದ್ರಾವಣ ಹೊಡೆಯಬಹುದು, ಇದಕ್ಕೆ ಏನು ಹೊಡೆಯುವುದು? ಅಕ್ಕಿ ಡಬ್ಬದಲ್ಲಿಟ್ಟೆ, ತೌಡು ಹೊಕ್ಕಿತು. ಅಡಿಕೆ ಅಟ್ಟದ ಹತ್ತಿರ ನೇತುಹಾಕಿದೆ, ಲೆನ್ಸಿಗೆ ಹೊಗೆಯ ಪದರ ಕೂತಿತು. ಹಳೇ ಟ್ರಂಕಿನಲ್ಲಿ ಝೀರೋ ಬಲ್ಬ್ ಇಟ್ಟೆ, ಮಳೆಗಾಲದಲ್ಲಿ ನಮ್ಮೂರಿಗೆ ಕರೆಂಟು ಎಲ್ಲಿ? ಕೊನೆಗೆ ಗಾಳಿ ಆಡದ ಡಬ್ಬ, ಅರ್ಧ ಕೆಜಿ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಹುರಿಯುತ್ತೇನೆ, ಮತ್ತೆ ನೀಲಿ. ಬಾಣಲೆ ಬೇರೆಯೇ ಇಟ್ಟುಕೊಳ್ಳಿ. ನಾನು ಇಟ್ಟುಕೊಳ್ಳದೆ ಬೈಸಿಕೊಂಡಿದ್ದೇನೆ.

ಡಿಸೆಂಬರ್ ಬಂದರೆ ಬೆಟ್ಟದ ನಡಿಗೆ ಬಂದ್. ಪಕ್ಕದ ಸೊರಬದ ಕ್ಯಾಸನೂರಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು. ಬೇಸಿಗೆ ಮುಗಿಯುವ ತನಕ ಆ ಕಾಯಿಲೆ ಹರಡುವ ಉಣುಗಿನ ಕಾಟ, ಒಂದು ಫೋಟೋಕ್ಕೋಸ್ಕರ ಅದರ ಸಹವಾಸ ಬೇಡ. ಆಗ ತೋಟದಲ್ಲೇ ಕೆಲಸ. ಹಾಳೆತಟ್ಟೆಯವರು ಬಂದು ಒಯ್ಯುವ ಮೊದಲು ಅಗಲದ, ಸೀಳು ಬಿಡದ ನಾಲ್ಕು ಹಾಳೆ ಹೆಕ್ಕಿ ಅಟ್ಟಕ್ಕೆ ಹಾಕಬೇಕು.