ಕಾರುಗಳ ಕಾಟವಿಲ್ಲದ ಸಿಸಿಲಿ: ಜಲ್ಲಿ ದಾರಿಯ ಸೈಕಲ್ ಸವಾರಿ ಹೊಂದಿಸುವುದು ಹೇಗೆ?

ಇಟಲಿಯ ಸಿಸಿಲಿ ದ್ವೀಪದ ಆಗ್ನೇಯ ಮೂಲೆಯ ಇಬ್ಲೇಯಿ ಬೆಟ್ಟಸೀಮೆ ಬಹುಪಾಲು ಸುಣ್ಣಕಲ್ಲಿನ ನಾಡು. ಇಲ್ಲಿನ ಅತಿ ಎತ್ತರದ ಶಿಖರ ಮೊಂತೆ ಲೌರೊ 986 ಮೀಟರ್ ಮಾತ್ರ. ಆದರೆ ಹೊಳೆಗಳು ಸುಣ್ಣಕಲ್ಲನ್ನು ಕೊರೆದು ಆಳವಾದ ಕಮರಿಗಳನ್ನು ಮಾಡಿರುವುದರಿಂದ ಊರಿಂದೂರಿಗೆ ಹೋಗಬೇಕಾದರೆ ಇಳಿದು ಹತ್ತುವುದು ತಪ್ಪದು. 1693ರ ಜನವರಿಯ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಎದ್ದು ನಿಂತ ನೋತೊ, ಪಲಾಝೊಲೊ, ರಗೂಸಾ, ಶಿಕ್ಲಿಯಂಥ ಎಂಟು ಪಟ್ಟಣಗಳು 2002ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅವನ್ನು ಜೋಡಿಸುವ ಡಾಂಬರು ರಸ್ತೆಗಳಲ್ಲಿ ಕಾರುಗಳು ಜೋರಾಗಿ ಓಡುತ್ತವೆ, ರಸ್ತೆಯಂಚು ಕಿರಿದು. ಹಾಗಾಗಿ ಸೈಕಲ್ಲಿಗರು ಡಾಂಬರು ಬಿಟ್ಟಿಳಿಯುವುದೇ ಮೇಲು.

ಊರಿಂದ ಊರಿಗೆ ಫಲಕ ನೆಟ್ಟ ಒಂದೇ ದಾರಿ ಸಿಗುತ್ತದೆಂದು ಕಾಯಬೇಡಿ. ಮೂರು ಬಗೆಯ ತುಂಡು ದಾರಿಗಳನ್ನು ನೀವೇ ಹೊಲಿದುಕೊಳ್ಳಬೇಕು. ಒಂದೊಂದಕ್ಕೂ ಅದರದೇ ಗುಣ, ಅದರದೇ ತೊಂದರೆ.

ಮೊದಲು ದಾರಿಯ ಜಾತಿ ಗುರುತಿಸಿ

ಮೊದಲನೆಯದು ಹಳೆಯ ರೈಲು ದಾರಿ. ಸಿರಾಕೂಸಾದಿಂದ ಬೆಟ್ಟ ಹತ್ತಿ ವಿಝೀನಿ ಮತ್ತು ರಗೂಸಾ ಕಡೆಗೆ ಹೋಗುತ್ತಿದ್ದ 950 ಮಿ.ಮೀ. ಅಗಲದ ನ್ಯಾರೋಗೇಜ್ ಮಾರ್ಗ 1915ರಲ್ಲಿ ಶುರುವಾಗಿ 1956ರಲ್ಲಿ ಪೂರ್ತಿ ನಿಂತಿತು. ಅನಾಪೊ ಹೊಳೆಯ ಕಮರಿಯೊಳಗೆ ಹಳಿ ಕಿತ್ತ ಆ ಹಾದಿ ಈಗ ನಡೆಯುವವರಿಗೆ, ಸೈಕಲ್ಲಿಗರಿಗೆ ಮೀಸಲು. ಉಗಿಬಂಡಿ ಏರಲೆಂದೇ ಕಟ್ಟಿದ್ದರಿಂದ ಏರು ಸೌಮ್ಯ.

ಎರಡನೆಯದು ‘ತ್ರಾತ್ಸೇರಾ’. ಕುರಿ, ದನಗಳನ್ನು ಬೆಟ್ಟದಿಂದ ಬಯಲಿಗೆ, ಬಯಲಿನಿಂದ ಬೆಟ್ಟಕ್ಕೆ ಅಟ್ಟುತ್ತಿದ್ದ ರಾಜಮಾರ್ಗಗಳಿವು. ಕಾನೂನಿನ ಪ್ರಕಾರ ಇವುಗಳ ಅಗಲ 37.68 ಮೀಟರ್. ನೆಲದ ಮೇಲೆ ಅಷ್ಟು ಅಗಲ ಎಲ್ಲೂ ಉಳಿದಂತಿಲ್ಲ: ಕೆಲವು ಡಾಂಬರು ರಸ್ತೆಗಳಾಗಿವೆ, ಕೆಲವನ್ನು ಹೊಲಗಳು ನುಂಗಿವೆ, ಉಳಿದವು ಕಲ್ಲುಹಾದಿಗಳು. ಏರು ಎಷ್ಟಿದ್ದರೂ ನೇರವಾಗಿ ನುಗ್ಗುತ್ತವೆ, ಏಕೆಂದರೆ ಕುರಿಗೆ ತಿರುವು ಬೇಕಿಲ್ಲ.

ಮೂರನೆಯದು ಕ್ಯಾರಬ್ ಮತ್ತು ಆಲಿವ್ ತೋಟಗಳ ನಡುವಿನ ಹೊಲದ ದಾರಿ. ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ, ನಡುವೆ ಬಿಳಿ ಜಲ್ಲಿ. ಸವಾರಿಗೆ ಬಲು ಸೊಗಸು, ಆದರೆ ಕೊನೆಗೆ ಯಾರದೋ ಮನೆಯಂಗಳದಲ್ಲಿ ನಿಂತುಬಿಡುವ ಸಂಭವ ಹೆಚ್ಚು.

ನಕ್ಷೆಯಲ್ಲಿ ದಾರಿ ಹಾಕುವಾಗ

ಜನರೇ ಸೇರಿ ಬರೆಯುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಯಾವುದೇ ಆ್ಯಪ್ ಸಾಕು. ಅದರಲ್ಲಿ ಕಚ್ಚಾ ದಾರಿಗಳಿಗೆ ಒಂದರಿಂದ ಐದರವರೆಗೆ ದರ್ಜೆ ಇರುತ್ತದೆ. ಒಂದು ಎಂದರೆ ಗಟ್ಟಿ ನೆಲ, ಐದು ಎಂದರೆ ಬರೀ ಮಣ್ಣು. ಜಲ್ಲಿ ದಾರಿಗೆಂದೇ ಅಗಲ ಟೈರು ಹಾಕಿದ ಗ್ರ್ಯಾವೆಲ್ ಸೈಕಲ್ಲಿಗೆ ಎರಡು, ಮೂರು ಒಪ್ಪುತ್ತವೆ. ನಾಲ್ಕು ಒಣಗಿದ್ದರೆ ಪರವಾಗಿಲ್ಲ, ಮಳೆ ಬಿದ್ದ ಮರುದಿನ ಬೇಡ. ಆಮೇಲೆ ಅದೇ ಗೆರೆಯನ್ನು ಉಪಗ್ರಹ ಚಿತ್ರದ ಮೇಲಿಟ್ಟು ನೋಡಿ. ಎರಡು ಗಾಲಿ ಗುರುತುಗಳ ನಡುವೆ ಹುಲ್ಲು ಕಂಡರೆ ದಾರಿ ಬಳಕೆಯಲ್ಲಿದೆ. ಗೆರೆ ಪೊದೆಯಲ್ಲಿ ಕರಗಿಹೋದರೆ ದಾರಿ ಇಲ್ಲವೆಂದೇ ತಿಳಿಯಿರಿ.

ಇಲ್ಲಿ ಎರಡು ಕಡೆ ಆ್ಯಪ್ ಮೋಸ ಮಾಡುತ್ತದೆ. ಒಂದು, ಏರಿನ ಲೆಕ್ಕ. ಆ್ಯಪ್ ಎತ್ತರವನ್ನು ನೆಲಮಟ್ಟದ ದತ್ತಾಂಶದಿಂದ ತೆಗೆದುಕೊಳ್ಳುತ್ತದೆ. ರೈಲು ದಾರಿ ಸುರಂಗದೊಳಗೆ ಹೋದರೂ ಲೆಕ್ಕ ಮಾತ್ರ ಸುರಂಗದ ಮೇಲಿನ ಗುಡ್ಡ ಹತ್ತಿ ಇಳಿಯುತ್ತದೆ. ಹಾಗಾಗಿ ನಿಜಕ್ಕೂ ಸಲೀಸಾದ ದಾರಿಯ ಏರು ಇಮ್ಮಡಿಯಾಗಿ ಕಾಣಬಹುದು. ಅಂಕಿ ನೋಡಿ ಹೆದರಿ ಕೈಬಿಡಬೇಡಿ. ಇನ್ನೊಂದು, ಫೆರ್ಲಾ ಮತ್ತು ಸೊರ್ತಿನೊ ನಡುವಿನ ದಾರಿ. ಎರಡೂ ಊರುಗಳಿಂದ ಬಂಡೆಯಲ್ಲಿ ಕೊರೆದ ಪ್ರಾಚೀನ ಸಮಾಧಿಗಳ ತಾಣ ಪಾಂತಾಲಿಕಾ ಕಡೆಗೆ ಡಾಂಬರು ರಸ್ತೆ ಬರುತ್ತದೆ, ಆದರೆ ಅವೆರಡೂ ಕೂಡುವುದೇ ಇಲ್ಲ. ನಡುವೆ ಕಾಲ್ಚಿನಾರಾ ಹೊಳೆಯ ಕಮರಿಗೆ ಇಳಿದು ಏರುವ ಕಲ್ಲುಮೆಟ್ಟಿಲ ಕಾಲುದಾರಿ ಮಾತ್ರ ಇದೆ. ಆ್ಯಪ್ ಅದನ್ನು ಸೈಕಲ್ ದಾರಿಯೆಂದು ತೋರಿಸಿದರೆ ಕೈಯಿಂದ ಅಳಿಸಿ, ಇಲ್ಲವಾದರೆ ಸೈಕಲ್ ಹೆಗಲಿಗೇರುತ್ತದೆ.

ಕಮರಿಯೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಸೈಕಲ್: ಟೈರಿಗೆ ಮೊದಲ ಗಮನ

ಸುಣ್ಣಕಲ್ಲಿನ ಜಲ್ಲಿ ಒಡೆದಾಗ ಅಂಚು ಚೂಪಾಗಿರುತ್ತದೆ. 40ರಿಂದ 45 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೈರ್ ಹಾಕಿ, ಒಂದೊಂದಕ್ಕೂ 60ರಿಂದ 90 ಮಿ.ಲೀ. ಸೀಲೆಂಟ್ (ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ) ತುಂಬಿ. 70 ಕೆ.ಜಿ. ತೂಕದ ಸವಾರನಿಗೆ ಮುಂದೆ 28–30, ಹಿಂದೆ 31–35 ಪಿಎಸ್‌ಐ ಗಾಳಿ ಸಾಕು. ಟ್ಯೂಬ್ ಇದ್ದರೆ ಐದಾರು ಪಿಎಸ್‌ಐ ಹೆಚ್ಚಿಸಿ. ಗಾಳಿ ಜಾಸ್ತಿಯಾದರೆ ಜಲ್ಲಿಯ ಮೇಲೆ ಗಾಲಿ ಪುಟಿದು ಇಳಿಜಾರಿನ ತಿರುವಿನಲ್ಲಿ ಜಾರುತ್ತದೆ. ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟೈರ್ ಸಿಕ್ಕಿ ಪಕ್ಕ ಸೀಳುತ್ತದೆ. ಆ ಸೀಳನ್ನು ಸೀಲೆಂಟ್ ಮುಚ್ಚುವುದಿಲ್ಲ. ಒಳಗಿನಿಂದ ಹಚ್ಚಲು ಒಂದು ತುಂಡು ಹಳೆಯ ಟೈರ್, ಒಂದು ಬಿಡಿ ಟ್ಯೂಬ್ ಜತೆಗಿರಲಿ. ನಮ್ಮ ಹೊಲಗಳ ಬದುವಿನಲ್ಲಿ ಹರಡುವ ಅದೇ ನೆಗ್ಗಿಲು ಸಿಸಿಲಿಯಲ್ಲೂ ಬೆಳೆಯುತ್ತದೆ. ಬೇಸಿಗೆ ಕೊನೆಗೆ ಅದರ ಒಣಮುಳ್ಳು ದಾರಿಯಂಚಿನಲ್ಲಿ ಬಿದ್ದಿರುತ್ತದೆ, ಆದ್ದರಿಂದ ನಿಂತಾಗ ಸೈಕಲ್ಲನ್ನು ಹುಲ್ಲಿಗೆ ಇಳಿಸಬೇಡಿ.

ಗಿಯರ್ ವಿಷಯದಲ್ಲಿ ಜಂಬ ಬೇಡ. ಕಮರಿಯಿಂದ ಮೇಲೇರುವ ದಾರಿಗಳಲ್ಲಿ ಶೇ 12ರಷ್ಟು ಏರು ಎದುರಾಗುತ್ತದೆ. ಮುಂದೆ 40, ಹಿಂದೆ 42 ಹಲ್ಲಿನ ಗಿಯರ್‌ನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು ಏಳೂವರೆ ಕಿ.ಮೀ. ವೇಗ ಬರುತ್ತದೆ. ಅಂಥ ಏರಿನಲ್ಲಿ ಆ ವೇಗ ಕಾಯ್ದುಕೊಳ್ಳಲು ಇನ್ನೂರು ವಾಟ್‌ಗೂ ಹೆಚ್ಚು ಶಕ್ತಿ ಬೇಕು. ಮುಂದೆ 32 ಹಲ್ಲಿದ್ದರೆ ಆರು ಕಿ.ಮೀ.ಗೆ ಇಳಿಯಬಹುದು, ಕುಳಿತೇ ತುಳಿಯಬಹುದು. ಎದ್ದು ತುಳಿದರೆ ಹಿಂದಿನ ಗಾಲಿಯ ಮೇಲಿನ ಭಾರ ತಪ್ಪಿ ಜಲ್ಲಿಯಲ್ಲಿ ಸುಮ್ಮನೆ ತಿರುಗುತ್ತದೆ.

ಬಾಡಿಗೆ ಸೈಕಲ್ ಪಡೆದರೆ ಹೊರಡುವ ಮುನ್ನ ಬ್ರೇಕ್ ಹಿಡಿದು ನೋಡಿ. ಭಾರತದಲ್ಲಿ ಸಾಮಾನ್ಯವಾಗಿ ಬಲಗೈಗೆ ಮುಂದಿನ ಬ್ರೇಕ್. ಇಟಲಿಯಲ್ಲಿ ಅದು ಎಡಗೈಗೆ. ಅಭ್ಯಾಸಬಲದಿಂದ ತಪ್ಪು ಹಿಡಿಕೆ ಅದುಮಿದರೆ ಜಲ್ಲಿಯಲ್ಲಿ ಮುಂದಿನ ಗಾಲಿ ಮಡಚಿಕೊಳ್ಳುತ್ತದೆ. ಡಾಂಬರಿಗೆ ಬಂದಾಗ ಬಲಬದಿಯಲ್ಲಿ ಹೋಗಬೇಕೆನ್ನುವುದೂ ನೆನಪಿರಲಿ.

ಮೊದಲ ಸವಾರಿ ಅನಾಪೊ ಕಮರಿಯಲ್ಲಿ

ಹೊಸಬರು ಇಲ್ಲಿಂದಲೇ ಶುರುಮಾಡಲಿ. ಸೊರ್ತಿನೊ ಕಡೆಯ ಗೇಟಿನಿಂದ ಕಸ್ಸಾರೊ ಕಡೆಯ ಗೇಟಿಗೆ ಹಳೆಯ ರೈಲು ದಾರಿಯಲ್ಲಿ ಸುಮಾರು ಹತ್ತು ಕಿ.ಮೀ. ಹೊಳೆ ಪೂರ್ವಕ್ಕೆ ಸಮುದ್ರದತ್ತ ಹರಿಯುವುದರಿಂದ ಸೊರ್ತಿನೊ ಕಡೆಯಿಂದ ಹೊರಟರೆ ಹೋಗುವಾಗ ನಯವಾದ ಏರು, ದಣಿದು ಮರಳುವಾಗ ಇಳಿಜಾರು.

ಸುರಂಗಗಳಲ್ಲಿ ದೀಪವಿಲ್ಲ, ಕೆಲವು ತಿರುವಿನಲ್ಲಿವೆ. ಬಾಯಿಯ ಬಳಿ ನಿಲ್ಲಿ, ತಂಪು ಕನ್ನಡಕ ತೆಗೆಯಿರಿ, 300 ಲ್ಯೂಮೆನ್‌ಗೆ ಕಡಿಮೆಯಿಲ್ಲದ ಲೈಟ್ ಹಾಕಿ, ಕಣ್ಣು ಹೊಂದಿಕೊಂಡ ಮೇಲೆ ಒಳಹೋಗಿ. ಬಿಸಿಲಿನಿಂದ ನೇರ ನುಗ್ಗಿದರೆ ಮೊದಲ ಕೆಲವು ಕ್ಷಣ ಏನೂ ಕಾಣದು, ಚಾವಣಿಯಿಂದ ಉದುರಿದ ಕಲ್ಲು ಗಾಲಿಗೆ ಸಿಗುವುದು ಆಗಲೇ. ಎದುರಿನಿಂದ ನಡೆದು ಬರುವವರಿಗೆ ಗಂಟೆ ಬಾರಿಸಿ. ಸುರಂಗದಲ್ಲಿ ಸೈಕಲ್ಲಿಗರು ಹೊಳೆಯುವ ಜಾಕೆಟ್ ಹಾಕಬೇಕೆಂಬುದು ಇಟಲಿಯ ಸಂಚಾರ ನಿಯಮ.

ನಡುದಾರಿಯಲ್ಲಿ ತಲೆಯೆತ್ತಿ ನೋಡಿ. ಬಂಡೆಗೋಡೆಯಲ್ಲಿ ಸಾಲುಸಾಲು ಚೌಕ ಕಿಂಡಿಗಳು. ಕ್ರಿಸ್ತಪೂರ್ವ 13ರಿಂದ 7ನೇ ಶತಮಾನದ ನಡುವೆ ಕೊರೆದ ಪಾಂತಾಲಿಕಾದ ಸಮಾಧಿಗಳಿವು, ಸುಮಾರು ಐದು ಸಾವಿರ. ಪುರಾತತ್ವಜ್ಞ ಪಾವೊಲೊ ಓರ್ಸಿ 19ನೇ ಶತಮಾನದ ಕೊನೆಯಲ್ಲಿ ಇಲ್ಲಿ ಉತ್ಖನನ ನಡೆಸಿದರು. 2005ರಲ್ಲಿ ಸಿರಾಕೂಸಾದ ಜತೆ ಇದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮೇಲಿನ ಸಮಾಧಿಗಳತ್ತ ಹೋಗಬೇಕಾದರೆ ಕೆಳಗೆ ಸೈಕಲ್ ಬೀಗ ಹಾಕಿ ನಡೆದೇ ಹತ್ತಿ.

ಇದು ಕೈಗೂಡಿದ ಮೇಲೆ ಪಲಾಝೊಲೊ ಅಕ್ರೇಯಿಡೆ ಸುತ್ತಲಿನ ಕಲ್ಲುಗೋಡೆಯ ದಾರಿಗಳಿಗೆ ಹೋಗಬಹುದು. ಕ್ರಿ.ಪೂ. 664ರಲ್ಲಿ ಸಿರಾಕೂಸಾದ ಗ್ರೀಕರು ನೆಲೆಯೂರಿದ ಆಕ್ರೈಯ ರಂಗಮಂಟಪ ಊರಿನ ಪಕ್ಕದಲ್ಲೇ ಇದೆ. ಅಲ್ಲಿ ದಿನಕ್ಕೆ 35–40 ಕಿ.ಮೀ.ಗಿಂತ ಹೆಚ್ಚು ಯೋಜಿಸಬೇಡಿ.

ಗೇಟು, ನಾಯಿ, ನೀರು

ಮುಚ್ಚಿದ್ದ ಗೇಟನ್ನು ದಾಟಿ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಕುರಿಗಳು ನೀರಿಗೆ ಹೋಗಲೆಂದು ಕುರುಬ ತೆರೆದಿಟ್ಟಿರಬಹುದು. ಬೀಗ ಹಾಕಿದ್ದರೆ ಹತ್ತಿ ದಾಟುವುದು ಬೇಡ.

ಮಂದೆ ಕಾಯುವ ಬಿಳಿ ನಾಯಿಗಳು ಓಡುವುದನ್ನು ಅಟ್ಟಿಸಿಕೊಂಡು ಬರುತ್ತವೆ. ಜೋರಾಗಿ ತುಳಿದು ತಪ್ಪಿಸಿಕೊಳ್ಳುವ ಪ್ರಯತ್ನ ಬೇಡವೇ ಬೇಡ. ಇಳಿಯಿರಿ, ನಿಮಗೂ ನಾಯಿಗೂ ನಡುವೆ ಸೈಕಲ್ ಇರಲಿ, ಕಣ್ಣಲ್ಲಿ ಕಣ್ಣಿಡದೆ ಕುರುಬನಿಗೆ ಕೇಳುವಂತೆ ಗಟ್ಟಿಯಾಗಿ ಮಾತಾಡುತ್ತ ಮಂದೆಯಿಂದ ದೂರ ಸರಿದು ನಡೆಯಿರಿ. ಮಂದೆಯ ನಡುವೆ ಹಾದುಹೋಗಬಾರದು.

ಅರ್ಧ ದಿನಕ್ಕೂ ತಲಾ ಮೂರು ಲೀಟರ್ ನೀರು ಬೇಕು. ಕಮರಿಯೊಳಗೆ ಅಂಗಡಿಯಿಲ್ಲ, ಊರುಗಳ ಅಂಗಡಿಗಳೂ ಮಧ್ಯಾಹ್ನ ಕೆಲ ಗಂಟೆ ಬಾಗಿಲು ಹಾಕುತ್ತವೆ. ನಲ್ಲಿಯ ಮೇಲೆ ‘ನೊನ್ ಪೊತಾಬಿಲೆ’ ಎಂದಿದ್ದರೆ ಕುಡಿಯಬಾರದು. ಮೇಲೆ ಕುರಿ ಮೇಯುವುದರಿಂದ ಹೊಳೆನೀರೂ ಬೇಡ.

ಏಪ್ರಿಲ್–ಮೇ, ಇಲ್ಲವೇ ಅಕ್ಟೋಬರ್ ಒಳ್ಳೆಯ ಕಾಲ. ಇದೇ ಸಿರಾಕೂಸಾ ಸೀಮೆಯಲ್ಲಿ 2021ರ ಆಗಸ್ಟ್ 11ರಂದು 48.8 ಡಿಗ್ರಿ ದಾಖಲಾಯಿತು, ಯುರೋಪ್ ಖಂಡದ ದಾಖಲೆ ಅದು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಕಮರಿಯ ಗೇಟುಗಳನ್ನು ಮುಚ್ಚುವುದುಂಟು, ಜೋರು ಮಳೆಯಾದರೆ ಬಂಡೆ ಉರುಳುತ್ತದೆ. ಹಿಂದಿನ ದಿನ ತಂಗುವ ಮನೆಯವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ತುರ್ತು ಸಂಖ್ಯೆ 112.

ಮರಳಿದ ಮೇಲೆ

ಬಿಳಿ ದೂಳು ಚೈನಿನ ಎಣ್ಣೆಗೆ ಅಂಟಿದರೆ ಅರೆಯುವ ಹಿಟ್ಟಿನಂತಾಗಿ ಹಲ್ಲುಗಳನ್ನು ಸವೆಸುತ್ತದೆ. ಪ್ರತಿ ಸಂಜೆ ಒಣಬಟ್ಟೆಯಲ್ಲಿ ಚೈನ್ ಒರೆಸಿ, ದಪ್ಪ ಎಣ್ಣೆಯ ಬದಲು ಮೇಣದ ಲೂಬ್ ಹಚ್ಚಿ. ಜಲ್ಲಿಯ ಅದುರಿಗೆ ಬಾಟಲಿ ಕೇಜಿನ ಮತ್ತು ಸೀಟಿನ ಬೋಲ್ಟುಗಳು ಸಡಿಲಾಗಿರುತ್ತವೆ; ಬಿಗಿಮಾಡಿ, ಟೈರಿನಲ್ಲಿ ಸಿಕ್ಕ ಕಲ್ಲುಚೂರುಗಳನ್ನು ಚಾಕುಮೊನೆಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ.